ಸಿಮ್ ಕಂಪನಿಗೆ ಏನೇನು ಕಾಣ್ತದ, ನಮ್ಮ ಕೈಯಾಗ ಏನೇನು ಬಂದ್ ಮಾಡಬಹುದು?

ತೊಗರಿಕಣಜ, ಶಹಾಪುರ

ಮನ್ಯಾಗ ಮೂರು ಫೋನ್ ಅವ. ನಂದು ಆಂಡ್ರಾಯ್ಡ್ 13, ಅಪ್ಪಾಜಿದು ಆಂಡ್ರಾಯ್ಡ್ 10, ಅವ್ವಂದು ಕೀಪ್ಯಾಡ್. ಮೂರಕ್ಕೂ ಬ್ಯಾರೆ ಬ್ಯಾರೆ ಕಂಪನಿ ಸಿಮ್. ಒಮ್ಮೆ ಕುಂತು ಎಲ್ಲಾ ಸೆಟ್ಟಿಂಗ್ ಸರಿ ಮಾಡಿ ಹಿರಿಯರ ಕೈಗೆ ಕೊಡಬೇಕಂತ ಅದ. ತಿಳಿದವರು ಹೇಳ್ರಿ.

ಸ್ಕ್ರೀನ್ ಮ್ಯಾಲ ತಾನೇ ಒಂದು ಡಬ್ಬಿ ಬರ್ತದ, ಜ್ಯೋತಿಷ್ಯ ಬೇಕಾ, ಕ್ರಿಕೆಟ್ ಸ್ಕೋರ್ ಬೇಕಾ ಅಂತ. ಅಪ್ಪಿತಪ್ಪಿ ಓಕೆ ಒತ್ತಿದ್ರ ಬ್ಯಾಲೆನ್ಸ್ ಹೋಗ್ತದ. ಇದನ್ನ ಬುಡಕ್ಕೇ ತೆಗೆಯೋದು ಹ್ಯಾಂಗ? ಜಾಹೀರಾತು ಬ್ಯಾಡ ಅಂತ ಡಿಎನ್‌ಡಿ ಹಾಕಿದ್ರೂ ಕಾಲ್ ಯಾಕ ಬರ್ತಾವ? ನಾವು ನೋಡೋ ವೆಬ್‌ಸೈಟು, ವಾಟ್ಸಾಪಿನಾಗ ಬರೆಯೋದು ಕಂಪನಿಗೆ ಎಷ್ಟು ಕಾಣ್ತದ? *#21# ಒತ್ತಿದ್ರ ಫೋನ್ ಕದ್ದು ಕೇಳ್ತಾರೋ ಇಲ್ಲೋ ತಿಳೀತದ ಅಂತಾರಲ್ಲ, ಖರೆ ಏನು? ಕಡೀದು, ನಮ್ಮ ಹೆಸರಿನಾಗ ನಮಗೇ ಗೊತ್ತಿಲ್ಲದ ಸಿಮ್ ಅವ ಏನು ಅಂತ ಎಲ್ಲಿ ನೋಡೋದು?

ಬಿದ್ರಿಕುಸುರಿ, ಬೀದರ್

ಡಬ್ಬಿ ವಿಷಯ ಮೊದಲು. ಅದು ಯಾವ ಆ್ಯಪಿನದೂ ಅಲ್ಲ. ಸಿಮ್ ಕಾರ್ಡಿನ ಒಳಗೇ ಒಂದು ಸಣ್ಣ ಪ್ರೋಗ್ರಾಂ ಇರ್ತದ, ಅದೇ ಡಬ್ಬಿ ತೆಗೀತದ. ಅದಕ್ಕ ಫೋನ್ ರೀಸೆಟ್ ಮಾಡಿದ್ರೂ ಹೋಗಂಗಿಲ್ಲ, ಹೊಸ ಫೋನಿಗೆ ಸಿಮ್ ಹಾಕಿದ್ರ ಅಲ್ಲೂ ಬರ್ತದ. ‘ಸಿಮ್ ಟೂಲ್‌ಕಿಟ್’ ಆ್ಯಪನ್ನ ಫೋರ್ಸ್ ಸ್ಟಾಪ್ ಮಾಡ್ರಿ ಅಂತ ಯೂಟ್ಯೂಬಿನಾಗ ಹೇಳ್ತಾರ, ಫೋನ್ ಒಮ್ಮೆ ಬಂದಾಗಿ ಚಾಲೂ ಆದ್ರ ಅದು ಮತ್ತ ಎದ್ದು ಕೂಡ್ತದ. ಬಂದ್ ಮಾಡಬೇಕಾದ್ದು ಅದರ ಒಳಗಿನ ಸೇವೆ.

ಏರ್‌ಟೆಲ್ ಇದ್ರ ಸಿಮ್ ಟೂಲ್‌ಕಿಟ್ ತೆಗೆದು ‘ಏರ್‌ಟೆಲ್ ನೌ’, ಅದರಾಗ ‘ಸ್ಟಾರ್ಟ್/ಸ್ಟಾಪ್’, ಆಮ್ಯಾಲ ‘ಸ್ಟಾಪ್’. ವಿಐ ಇದ್ರ ‘ಫ್ಲ್ಯಾಶ್’, ‘ಆ್ಯಕ್ಟಿವೇಶನ್’, ‘ಡಿಆ್ಯಕ್ಟಿವೇಟ್’. ಬಿಎಸ್‌ಎನ್‌ಎಲ್ ಇದ್ರ ‘ಬಿಎಸ್‌ಎನ್‌ಎಲ್ ಬಝ್’ ಒಳಗ ಇದೇ ದಾರಿ. ಹಳೇ ಸಿಮ್ಮಿನಾಗ ಹೆಸರು ಒಂದೀಟು ಬ್ಯಾರೆ ಇರಬಹುದು. ಐಫೋನಿನಾಗ ಮೊಬೈಲ್ ಡೇಟಾ ಸೆಟ್ಟಿಂಗಿನ ಕೆಳಗ ‘ಸಿಮ್ ಅಪ್ಲಿಕೇಶನ್ಸ್’ ಅಂತ ಇರ್ತದ. ಎರಡು ಸಿಮ್ಮಿನ ಫೋನಾದ್ರ ಎರಡರಾಗೂ ಹೋಗಿ ಮಾಡ್ರಿ, ಒಂದನ್ನ ಬಂದ್ ಮಾಡಿ ಸುಮ್ಮನಾಗೋರೇ ಬಾಳ.

ಇಷ್ಟು ಮಾಡಿದ ಮ್ಯಾಲೂ ಬರ್ತದ ಅಂದ್ರ ಅದು ಸಿಮ್ಮಿನದಲ್ಲ, ನೆಟ್‌ವರ್ಕಿನಿಂದಲೇ ತಳ್ಳೋ ಫ್ಲ್ಯಾಶ್ ಮೆಸೇಜು. ಕಸ್ಟಮರ್ ಕೇರ್‌ಗೆ ಹೇಳಿ ತೆಗೆಸಬೇಕು.

ಬ್ಯಾಲೆನ್ಸ್ ಕಟ್ ಆಗೋದಕ್ಕ 155223. ಇದು ಎಲ್ಲಾ ಕಂಪನಿಗೂ ಒಂದೇ ನಂಬರು, ದುಡ್ಡು ಹತ್ತಂಗಿಲ್ಲ. ‘ಸ್ಟಾಪ್’ ಅಂತ ಇಂಗ್ಲಿಷಿನಾಗ ಎಸ್ಸೆಮ್ಮೆಸ್ ಕಳಿಸ್ರಿ ಇಲ್ಲಾ ಕಾಲ್ ಮಾಡ್ರಿ, ಚಾಲೂ ಇರೋ ಸೇವೆಗಳನ್ನ ತೆಗೆಸಬಹುದು. 2013ರಾಗ ಟ್ರಾಯ್, ಅಂದ್ರ ಫೋನ್ ಕಂಪನಿಗಳ ಮ್ಯಾಲಿನ ನಿಯಂತ್ರಣ ಪ್ರಾಧಿಕಾರ, ಒಂದು ನಿಯಮ ಮಾಡ್ಯಾದ: ಇಂಥ ಸೇವೆ ಹಚ್ಚಬೇಕಾದ್ರ ಗ್ರಾಹಕನಿಂದ ಎರಡು ಸಲ ಒಪ್ಪಿಗೆ ತಗೋಬೇಕು, ಒಂದೇ ಸಲ ಓಕೆ ಒತ್ತಿದ್ದು ಸಾಲಂಗಿಲ್ಲ. ಹಂಗಾಗಿ ದೂರು ಕೊಡುವಾಗ ‘ದುಡ್ಡು ಹೋಯ್ತು’ ಅಂತಷ್ಟೇ ಅನಬ್ಯಾಡ್ರಿ. ಎರಡನೇ ಒಪ್ಪಿಗೆ ಯಾವ ತಾರೀಖು, ಎಷ್ಟು ಗಂಟೆಗೆ, ಯಾವ ದಾರೀಲೆ ಬಂತು ತೋರಿಸ್ರಿ ಅಂತ ಕೇಳ್ರಿ. ಈ ಪ್ರಶ್ನೆಗೆ ಉತ್ತರ ಇಲ್ಲದಾಗ ದುಡ್ಡು ವಾಪಸ್ ಬರೋ ಸಾಧ್ಯತೆ ಹೆಚ್ಚು.

ಅವ್ವಾರ ಕೀಪ್ಯಾಡಿಗೆ ಇಂಟರ್ನೆಟ್ಟೇ ಬ್ಯಾಡ ಅಂದ್ರ 1925ಕ್ಕೆ ‘ಸ್ಟಾಪ್’ ಕಳಿಸ್ರಿ. ಫೋನಿನ ಬಟನ್ನಿಂದ ಅಲ್ಲ, ಕಂಪನಿ ಕಡೆಯಿಂದಲೇ ಡೇಟಾ ಬಂದ್ ಆಗ್ತದ. ಮತ್ತ ಬೇಕಾದ್ರ ಅದೇ ನಂಬರಿಗೆ ‘ಸ್ಟಾರ್ಟ್’. ಬ್ಯಾಂಕ್ ಬ್ಯಾಲೆನ್ಸ್ ನೋಡೋ *99# ಡೇಟಾ ಇಲ್ಲದೇ ನಡೀತದ, ಅದಕ್ಕೇನೂ ತೊಂದ್ರಿ ಇಲ್ಲ.

ಕೋಟೆಬಾಗಿಲು, ಕಲಬುರಗಿ

ಕಂಪನಿಗೆ ಏನು ಕಾಣ್ತದ ಅನ್ನೋದನ್ನ ಬಿಡಿಸಿ ಬಿಡಿಸಿ ನೋಡಬೇಕು, ಯಾಕಂದ್ರ ಒಂದೊಂದಕ್ಕೂ ಮದ್ದು ಬ್ಯಾರೆ, ಕೆಲವಕ್ಕ ಮದ್ದೇ ಇಲ್ಲ.

ಮದ್ದಿಲ್ಲದ್ದು ಟವರ್ ಗುರುತು. ಕಾಲ್ ಬಂದಾಗ ನಿಮ್ಮ ಫೋನಿಗೆ ಮುಟ್ಟಿಸಬೇಕಂದ್ರ ನೀವು ಯಾವ ಟವರ್ ಕೆಳಗ ಇದ್ದೀರಿ ಅನ್ನೋದು ನೆಟ್‌ವರ್ಕಿಗೆ ಗೊತ್ತಿರಲೇಬೇಕು. ಜಿಪಿಎಸ್ ಬಂದ್ ಮಾಡಿದ್ರೂ, ಲೊಕೇಶನ್ ಪರ್ಮಿಷನ್ ತೆಗೆದ್ರೂ ಇದು ನಿಲ್ಲಂಗಿಲ್ಲ. ಕಲಬುರಗಿ ಸೂಪರ್ ಮಾರ್ಕೆಟಿನಂಥ ಪ್ಯಾಟಿ ಕಡೆ ಟವರ್ ಒತ್ತೊತ್ತಾಗಿ ಇರೋದರಿಂದ ಗುರುತು ಸಣ್ಣ ಜಾಗಕ್ಕ ಇಳೀತದ, ಹೊಲದ ಕಡೆ ಒಂದೇ ಟವರ್ ಕಿಲೋಮೀಟರ್‌ಗಟ್ಟಲೆ ಹರಡಿರ್ತದ. ಪೂರ್ತಿ ನಿಲ್ಲೋದು ಏರೋಪ್ಲೇನ್ ಮೋಡಿನಾಗ, ಆಗ ಕಾಲೂ ಬರಂಗಿಲ್ಲ.

ಯಾರಿಗೆ, ಯಾವಾಗ, ಎಷ್ಟು ಹೊತ್ತು ಮಾತಾಡಿದ್ರಿ, ಯಾವ ಟವರು, ಯಾವ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಇದೆಲ್ಲ ಸಿಡಿಆರ್, ಅಂದ್ರ ಕಾಲ್ ದಾಖಲೆ. ಇಂಟರ್ನೆಟ್ಟಿಗೂ ಇಂಥದೇ ದಾಖಲೆ ಅದ, ಐಪಿಡಿಆರ್ ಅಂತಾರ: ಯಾವ ಹೊತ್ತಿನಾಗ ಯಾವ ಐಪಿ ವಿಳಾಸಕ್ಕ ಸಂಪರ್ಕ ಆಯ್ತು ಅನ್ನೋದು. 2021ರ ಡಿಸೆಂಬರಿನಾಗ ಲೈಸೆನ್ಸ್ ಷರತ್ತು ಬದಲಾಯಿಸಿ, ಇವನ್ನ ಕನಿಷ್ಠ ಎರಡು ವರ್ಷ ಇಟ್ಟುಕೋಬೇಕು ಅಂತ ಮಾಡ್ಯಾರ, ಮೊದಲು ಒಂದು ವರ್ಷ ಇತ್ತು. ನಂಬರ್ ಪೋರ್ಟ್ ಮಾಡಿದ್ರೂ ಹಳೇ ಕಂಪನಿ ಹತ್ರ ಇರೋ ದಾಖಲೆ ಅಳಿಸಿ ಹೋಗಂಗಿಲ್ಲ.

ಎಸ್ಸೆಮ್ಮೆಸ್ ಪೂರಾ ತೆರೆದ ಪುಸ್ತಕ, ಅಕ್ಷರ ಅಕ್ಷರ ಕಂಪನಿಯ ಸರ್ವರ್ ದಾಟಿ ಬರ್ತದ. ವಾಟ್ಸಾಪು, ಸಿಗ್ನಲ್ಲಿನ ಬರಹ ಕಾಣಂಗಿಲ್ಲ, ಆದ್ರ ನೀವು ಆ ಸರ್ವರಿಗೆ ಈ ಹೊತ್ತಿನಾಗ ಜೋಡಿಸಿದ್ರಿ, ಇಷ್ಟು ಡೇಟಾ ಹೋಯ್ತು ಅನ್ನೋದು ಕಾಣ್ತದ.

ಇನ್ನ ವೆಬ್‌ಸೈಟು. ವಿಳಾಸದ ಮುಂದ ಎಚ್‌ಟಿಟಿಪಿಎಸ್ ಇದ್ರ ಒಳಗಿನ ಪುಟ, ಪಾಸ್‌ವರ್ಡು, ಬರದದ್ದು ಕಾಣಂಗಿಲ್ಲ. ಸೈಟಿನ ಹೆಸರು ಮಾತ್ರ ಎರಡು ಕಡೆ ಸೋರ್ತದ. ಒಂದು ಡಿಎನ್‌ಎಸ್, ಅಂದ್ರ ಹೆಸರಿನಿಂದ ಐಪಿ ಕೇಳೋ ಪ್ರಶ್ನೆ. ಸುಮ್ಮನೆ ಬಿಟ್ರ ಇದು ಕಂಪನಿಯ ಸರ್ವರಿಗೇ ಹೋಗ್ತದ, ಅದೂ ಮುಚ್ಚಳ ಇಲ್ಲದೇ. ಎರಡನೇದು ಎಚ್‌ಟಿಟಿಪಿಎಸ್ ಸಂಪರ್ಕ ಶುರುವಾಗೋ ಮೊದಲ ಪ್ಯಾಕೆಟ್, ಅದರಾಗೂ ಸೈಟಿನ ಹೆಸರು ಬಿಚ್ಚಿಟ್ಟೇ ಹೋಗ್ತದ. ಇದನ್ನ ಮುಚ್ಚೋ ಇಸಿಎಚ್ ಅನ್ನೋ ವಿಧಾನ ಕೆಲವು ಸೈಟಿನಾಗ ಬಂದದ, ಎಲ್ಲಾ ಕಡೆ ಇಲ್ಲ.

ಮೊದಲನೇ ಸೋರಿಕೆ ನಾವೇ ಬಂದ್ ಮಾಡಬಹುದು. ಆಂಡ್ರಾಯ್ಡ್ 9ರಿಂದ ಈಚಿನ ಎಲ್ಲದರಾಗೂ ಅದ, ಅಂದ್ರ ಅಪ್ಪಾಜಿಯವರ ಫೋನಿನಾಗೂ. ಸೆಟ್ಟಿಂಗ್ಸಿನಾಗ ‘ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್’, ಅಲ್ಲಿ ‘ಪ್ರೈವೇಟ್ ಡಿಎನ್‌ಎಸ್’. ಕೆಲವು ಬ್ರ್ಯಾಂಡಿನಾಗ ‘ಕನೆಕ್ಷನ್ಸ್’ ಇಲ್ಲಾ ‘ಮೋರ್ ಕನೆಕ್ಷನ್’ ಒಳಗ ಮುಚ್ಚಿಟ್ಟಿರ್ತಾರ, ಸೆಟ್ಟಿಂಗ್ಸ್ ಮ್ಯಾಲಿನ ಹುಡುಕೋ ಪಟ್ಟಿಯಾಗ ಹೆಸರು ಹೊಡೆಯೋದೇ ಸಲೀಸು. ಮೂರನೇ ಆಯ್ಕೆ, ಪ್ರೊವೈಡರ್ ಹೋಸ್ಟ್‌ನೇಮ್ ಅನ್ನೋದನ್ನ ಒತ್ತಿ ‘ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್’ ಇಲ್ಲಾ ‘ಒನ್ ಡಾಟ್ ಒನ್ ಡಾಟ್ ಒನ್ ಡಾಟ್ ಒನ್’ ಅಂತ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡಿ ಸೇವ್ ಮಾಡ್ರಿ. ಡಾಟ್ ಅನ್ನೋದು ಚುಕ್ಕಿ. ಎರಡನೇದರಾಗ ಒನ್ ಅಂತ ಅಕ್ಷರದಾಗೇ ಬರೀಬೇಕು, 1.1.1.1 ಅಂತ ಅಂಕಿ ಹೊಡೆದ್ರ ಫೋನ್ ತಗೋಳಂಗಿಲ್ಲ, ಅದಕ್ಕ ಐಪಿ ಅಲ್ಲ, ಹೋಸ್ಟ್ ಹೆಸರು ಬೇಕು.

ತೊಂದ್ರಿ ಎಲ್ಲಿ ಬರ್ತದ ಅಂದ್ರ, ರೈಲ್ವೆ ಸ್ಟೇಷನ್ನು, ಲಾಡ್ಜಿನ ವೈಫೈದಾಗ. ಅಲ್ಲಿ ಮೊದಲು ಲಾಗಿನ್ ಪುಟ ಬರಬೇಕು, ಪ್ರೈವೇಟ್ ಡಿಎನ್‌ಎಸ್ ಇದ್ರ ಕೆಲವೊಮ್ಮೆ ಅದು ಬರಂಗಿಲ್ಲ, ‘ಸರ್ವರ್ ತೆರೆಯಲು ಆಗುತ್ತಿಲ್ಲ’ ಅಂತದ. ಆಗ ‘ಆಟೋಮ್ಯಾಟಿಕ್’ಗೆ ಹಾಕಿ ಲಾಗಿನ್ ಆಗಿ ಆಮ್ಯಾಲ ತಿರುಗಿ ಹಾಕ್ರಿ. ಮತ್ತ ಇನ್ನೊಂದು: ಈ ಪ್ರಶ್ನೆಗಳು ಕಂಪನಿಗೆ ಹೋಗೋದು ನಿಂತು, ನೀವು ಹೆಸರು ಹಾಕಿದ ಸಂಸ್ಥೆಗೆ ಹೋಗ್ತಾವ. ಯಾರನ್ನ ನಂಬೋದು ಅನ್ನೋದು ಬದಲಾಗ್ತದ ಅಷ್ಟೇ. ನನ್ನ ಲೆಕ್ಕದಾಗ, ನಿಮ್ಮ ಹೆಸರು, ಆಧಾರ್, ವಿಳಾಸ ಎಲ್ಲಾ ಇರೋ ಕಂಪನಿಗಿಂತ ನಿಮ್ಮ ಹೆಸರೇ ಗೊತ್ತಿಲ್ಲದ ಡಿಎನ್‌ಎಸ್ ಸಂಸ್ಥೆ ವಾಸಿ.

ಕಂಪನಿ ನೋಡೋದಷ್ಟೇ ಅಲ್ಲ, ಪುಟದಾಗ ಕೈ ಹಾಕಿದ್ದೂ ಅದ. 2015ರಾಗ ಏರ್‌ಟೆಲ್ 3ಜಿಯಾಗ ಗ್ರಾಹಕರು ತೆಗೆದ ವೆಬ್ ಪುಟದ ಒಳಗ ಬ್ಯಾರೆಯವರ ಸ್ಕ್ರಿಪ್ಟ್ ಸೇರ್ತಾ ಇತ್ತು ಅಂತ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್ ಕೋಡ್ ಸಮೇತ ಬಯಲಿಗೆ ತಂದ್ರು. ಡೇಟಾ ಬಳಕೆ ತೋರಿಸಲಿಕ್ಕ ಅಂತ ಕಂಪನಿ ಹೇಳಿತು. ಸ್ಕ್ರಿಪ್ಟ್ ಮಾಡಿದ ಸಂಸ್ಥೆ ಅವರಿಗೇ ಲೀಗಲ್ ನೋಟಿಸ್ ಕಳಿಸಿತು! ಅಮೆರಿಕದಾಗ ವೆರೈಝನ್ ಗ್ರಾಹಕರ ಪ್ರತಿ ವೆಬ್ ವಿನಂತಿಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ ಕಳಿಸ್ತಿತ್ತು, 2016ರಾಗ ಅದಕ್ಕ 13.5 ಲಕ್ಷ ಡಾಲರ್ ದಂಡ ಬಿತ್ತು. ಎರಡೂ ಆಟ ನಡೆದದ್ದು ಎಚ್‌ಟಿಟಿಪಿಎಸ್ ಇಲ್ಲದ ಪುಟದಾಗ. ಹಂಗಾಗಿ ಕ್ರೋಮಿನ ಪ್ರೈವಸಿ ಸೆಟ್ಟಿಂಗಿನಾಗ ‘ಆಲ್ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್’ ಹಚ್ಚಿ ಇಡ್ರಿ.

ಭೀಮಾತೀರ

ಇಷ್ಟೆಲ್ಲಾ ಯಾಕ್ರಿ, ಒಂದು ಫ್ರೀ ವಿಪಿಎನ್ ಹಾಕಿ ಬಿಡ್ರಿ, ಕಂಪನಿಗೆ ಏನೂ ಕಾಣಂಗಿಲ್ಲ.

ಕೋಟೆಬಾಗಿಲು, ಕಲಬುರಗಿ

ಹಂಗಲ್ರಿ ಭೀಮಾತೀರ. ವಿಪಿಎನ್ ಅಂದ್ರ ನಿಮ್ಮ ಇಂಟರ್ನೆಟ್ಟನ್ನ ಮುಚ್ಚಿ ಬ್ಯಾರೆಯವರ ಸರ್ವರ್ ಮೂಲಕ ಕಳಿಸೋ ಸೇವೆ, ಅದು ಇಂಟರ್ನೆಟ್ ಭಾಗ ಮಾತ್ರ ಮುಚ್ತದ. ಕಾಲು, ಎಸ್ಸೆಮ್ಮೆಸ್ಸು, ಟವರು ಹಂಗೇ ಉಳೀತಾವ. ಇಂಟರ್ನೆಟ್ಟಿನಾಗೂ, ಕಂಪನಿಗೆ ಕಾಣದೇ ಹೋದದ್ದೆಲ್ಲ ವಿಪಿಎನ್‌ದವರಿಗೆ ಕಾಣ್ತದ. ಫ್ರೀ ಕೊಡೋನು ಸರ್ವರ್ ಖರ್ಚು ಎಲ್ಲಿಂದ ತರ್ತಾನ ಅಂತ ವಿಚಾರ ಮಾಡ್ರಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶದ ಪ್ರಕಾರ ವಿಪಿಎನ್ ಸೇವೆ ಕೊಡೋರು ಗ್ರಾಹಕರ ವಿವರ ಐದು ವರ್ಷ ಇಡಬೇಕು, ಅದಕ್ಕೇ ಕೆಲವು ದೊಡ್ಡ ಕಂಪನಿಗಳು ಭಾರತದಾಗಿನ ಸರ್ವರ್ ತೆಗೆದ್ವು. ದುಡ್ಡು ಕೊಟ್ಟು ನಂಬಿಕಸ್ತರದ್ದು ತಗೊಂಡ್ರ ಹೊರಗಿನ ವೈಫೈದಾಗ ಉಪಯೋಗ ಅದ. ಹಿರಿಯರ ಫೋನಿಗೆ ಹಾಕಬ್ಯಾಡ್ರಿ, ವಿಪಿಎನ್ ಕಂಡ್ರ ಕೆಲವು ಬ್ಯಾಂಕ್ ಆ್ಯಪ್ ತೆರೆಯಂಗಿಲ್ಲ, ಆಮ್ಯಾಲ ನಿಮಗೇ ಫೋನ್ ಬರ್ತದ.

*#21# ಬಗ್ಗೆ: ಅದು ಕಾಲ್ ಫಾರ್ವರ್ಡಿಂಗ್ ಸ್ಥಿತಿ ತೋರಿಸ್ತದ, ಕದ್ದು ಕೇಳೋದನ್ನ ತೋರಿಸಂಗಿಲ್ಲ. ಕದ್ದು ಕೇಳೋದು ಕಂಪನಿಯ ಎಕ್ಸ್‌ಚೇಂಜಿನಾಗ ನಡೆಯೋ ಕೆಲಸ, ನಿಮ್ಮ ಹ್ಯಾಂಡ್‌ಸೆಟ್ಟಿಗೆ ಅದರ ಸುಳಿವೂ ಬರಂಗಿಲ್ಲ. ಅದಕ್ಕ ಕೇಂದ್ರ ಇಲ್ಲಾ ರಾಜ್ಯದ ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕು. ಈ ಕಟ್ಟುಪಾಡು ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆಯ 1996ರ ಪ್ರಕರಣದಾಗ ಸುಪ್ರೀಂ ಕೋರ್ಟ್ ಹಾಕಿದ್ದು, ಈಗ 2023ರ ದೂರಸಂಪರ್ಕ ಕಾಯ್ದೆಯ ಕೆಳಗ 2024ರ ನಿಯಮಗಳು ಬಂದಾವ.

ಆದ್ರೂ ಆ ಕೋಡ್ ಒತ್ತಿ ನೋಡೋದು ಒಳ್ಳೇದೇ, ಯಾಕಂದ್ರ ಮೋಸಗಾರರು ‘ಈ ನಂಬರ್ ಡಯಲ್ ಮಾಡ್ರಿ’ ಅಂತ ಹೇಳಿ ನಿಮ್ಮ ಕಾಲನ್ನ ತಮ್ಮ ಕಡೆ ತಿರುಗಿಸಿಕೊಂಡು, ಓಟಿಪಿಯನ್ನ ಕಾಲ್ ಮೂಲಕ ಕೇಳಿಸಿಕೊಳ್ತಾರ. *401* ಕೋಡಿನಿಂದ ಬಾಳ ಮಂದಿ ಸಿಕ್ಕಿಬಿದ್ರು ಅಂತ 2024ರ ಏಪ್ರಿಲ್ 15ರಿಂದ ಆ ಥರದ ಸೇವೆ ನಿಲ್ಲಿಸಲಿಕ್ಕ ದೂರಸಂಪರ್ಕ ಇಲಾಖೆ ಹೇಳ್ಯಾದ. *#21# ಎಲ್ಲಾ ಕಾಲಿಗೆ, *#67# ಬ್ಯುಸಿ ಇದ್ದಾಗ, *#61# ಎತ್ತದಿದ್ದಾಗ, *#62# ಫೋನ್ ಸಿಗದಾಗ. ಕಡೀದರಾಗ ನಂಬರ್ ಕಂಡ್ರ ಗಾಬರಿ ಬೀಳಬ್ಯಾಡ್ರಿ, ಮಿಸ್ಡ್ ಕಾಲ್ ಅಲರ್ಟಿಗಾಗಿ ಕಂಪನಿಯೇ ತನ್ನ ನಂಬರ್ ಹಾಕಿರೋದು ಮಾಮೂಲು. *#21#ನಾಗ ಸಾದಾ ಮೊಬೈಲ್ ನಂಬರ್ ಕಂಡ್ರ ಮಾತ್ರ ತಡ ಮಾಡದೇ ##002# ಒತ್ತಿ ಎಲ್ಲಾ ಅಳಿಸ್ರಿ. ಕೋಡ್ ನಡೆಯದೇ ಎರರ್ ಬಂದ್ರ ಡಯಲರಿನ ಸೆಟ್ಟಿಂಗ್ಸಿನಾಗ ಕಾಲ್ ಫಾರ್ವರ್ಡಿಂಗ್ ತೆಗೆದು ನೋಡ್ರಿ.

ಗಡಿಮನೆ, ಗುರುಮಠಕಲ್

2ಜಿ ಬಗ್ಗೆ ಯಾರೂ ಹೇಳಲಿಲ್ಲ. 2ಜಿಯಾಗ ಫೋನು ತನ್ನ ಗುರುತು ಟವರಿಗೆ ತೋರಿಸ್ತದ, ಟವರು ತಾನು ಖರೇ ಟವರ್ ಅಂತ ತೋರಿಸಬೇಕಾಗಿಲ್ಲ. ಅದಕ್ಕ ನಕಲಿ ಟವರ್ ಪೆಟ್ಟಿಗೆ ಇಟ್ಟವರು ಫೋನನ್ನ 4ಜಿಯಿಂದ 2ಜಿಗೆ ಇಳಿಸಿ ಬ್ಯಾಂಕಿನ ಹೆಸರಿನಾಗ ಎಸ್ಸೆಮ್ಮೆಸ್ ತುರುಕ್ತಾರ. ಅದು ಕಂಪನಿಯ ಸರ್ವರ್ ಹಾದು ಬಂದದ್ದೇ ಅಲ್ಲ, ಅದಕ್ಕ ಯಾವ ಫಿಲ್ಟರೂ ಹಿಡಿಯಂಗಿಲ್ಲ. ಆಂಡ್ರಾಯ್ಡ್ 12ರಿಂದ ಈಚೆ ಹಲವು ಫೋನಿನಾಗ ಸಿಮ್ ಸೆಟ್ಟಿಂಗಿನ ಕೆಳಗ ‘ಅಲೋ 2ಜಿ’ ಅಂತ ಬಟನ್ ಅದ, ಅದನ್ನ ಆಫ್ ಮಾಡಬಹುದು. ತುರ್ತು ಕರೆಗೆ ಅಡ್ಡಿ ಇಲ್ಲ.

ಮಾಡೋಕ್ಕಿಂತ ಮುಂಚೆ ಎರಡು ನೋಡ್ರಿ. ಒಂದು, ವೋಲ್ಟಿ, ಅಂದ್ರ 4ಜಿಯಾಗೇ ಕಾಲ್ ನಡೆಯೋ ಸೌಲಭ್ಯ, ಚಾಲೂ ಇರಬೇಕು. ಇಲ್ಲದಿದ್ರ ಏರ್‌ಟೆಲ್, ವಿಐದಾಗ ಕಾಲ್ ಬಂದಾಗ ಫೋನು ಕೆಳಗಿನ ನೆಟ್‌ವರ್ಕಿಗೆ ಇಳೀಬೇಕಾಗ್ತದ, 2ಜಿ ಆಫ್ ಇದ್ರ ಇಳಿಯಲಿಕ್ಕ ಜಾಗ ಇರಂಗಿಲ್ಲ, ಕರೆ ಮಾಡಿದವರಿಗೆ ‘ಸ್ವಿಚ್ ಆಫ್’ ಅಂತ ಬರಬಹುದು. ಎರಡು, ಊರಾಗ 4ಜಿ ನೆಟ್ಟಗ ಸಿಗಬೇಕು. ನಮ್ಮ ಕಡೆ ಹೊಲಕ್ಕ ಹೋದ್ರ 2ಜಿ ಒಂದೇ ಉಳಿಯೋ ಜಾಗ ಅವ, ಅಂಥಲ್ಲಿ ಇದನ್ನ ಮಾಡಬ್ಯಾಡ್ರಿ. ಜಿಯೋದಾಗ 2ಜಿ ಮೊದಲಿಂದಲೂ ಇಲ್ಲ. ಶಹಾಬಾದ್ ಕಲ್ಲಿನ ದಪ್ಪ ಗೋಡಿ ಮನ್ಯಾಗ ಸಿಗ್ನಲ್ ಸಿಗದಿದ್ರ ವೈಫೈ ಕಾಲಿಂಗ್ ಹಚ್ಚೋದು ಮೇಲು.

ಅಂದಹಾಗೆ ಸೇಡಂ, ಗುರುಮಠಕಲ್, ಔರಾದ್ ಕಡೆಯವರಿಗೆ ತೆಲುಗು, ಮರಾಠಿ ಸ್ವಾಗತ ಮೆಸೇಜ್ ಬರೋದು ಹ್ಯಾಕ್ ಆಗಿ ಅಲ್ಲ, ಗಡಿ ಆಚೆಯ ಟವರ್ ಹಿಡಿದದ್ದಕ್ಕ.

ಸಿಮ್ ಪಿನ್ ಹಾಕ್ರಿ ಎಲ್ಲರೂ. ಫೋನಿಗೆ ಲಾಕ್ ಇದ್ರೂ ಕಳ್ಳ ಸಿಮ್ ತೆಗೆದು ಬ್ಯಾರೆ ಫೋನಿಗೆ ಹಾಕಿದ್ರ ನಿಮ್ಮ ಓಟಿಪಿ ಅವನಿಗೆ ಹೋಗ್ತಾವ. ಸೆಕ್ಯುರಿಟಿ ಸೆಟ್ಟಿಂಗಿನಾಗ ‘ಸಿಮ್ ಲಾಕ್’. ಮೊದಲು ಹಳೇ ಡಿಫಾಲ್ಟ್ ಪಿನ್ ಕೇಳ್ತದ, ಅಂದಾಜಿಗೆ ಹೊಡೀಬ್ಯಾಡ್ರಿ, ಕಸ್ಟಮರ್ ಕೇರ್‌ಗೆ ಕೇಳಿ ಹಾಕ್ರಿ. ಮೂರು ಸಲ ತಪ್ಪಿದ್ರ ಪಿಯುಕೆ (ಲಾಕ್ ಬಿಚ್ಚೋ ಕೋಡ್) ಕೇಳ್ತದ, ಪಿಯುಕೆ ಹತ್ತು ಸಲ ತಪ್ಪಿದ್ರ ಸಿಮ್ ಸತ್ತಂಗೇ. ಅದೇ ನಂಬರಿಗೆ ಬದಲಿ ಸಿಮ್ ತಗೊಂಡ್ರ 24 ತಾಸು ಎಸ್ಸೆಮ್ಮೆಸ್ ಬರಂಗಿಲ್ಲ, ಏಳು ದಿನ ಪೋರ್ಟ್ ಮಾಡಲಿಕ್ಕೂ ಬರಂಗಿಲ್ಲ. ಸಿಮ್ ಕದ್ದು ಬದಲಾಯಿಸೋ ಮೋಸ ತಡೆಯಲಿಕ್ಕ ಇಟ್ಟ ನಿಯಮ ಅದು.

ಬಿದ್ರಿಕುಸುರಿ, ಬೀದರ್

ಹೆಸರಿನಾಗಿನ ಸಿಮ್ ನೋಡೋದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಾಗ. ‘ನೋ ಮೊಬೈಲ್ ಕನೆಕ್ಷನ್ಸ್ ಇನ್ ಯುವರ್ ನೇಮ್’ ಒತ್ತಿ ನಂಬರು, ಓಟಿಪಿ ಹಾಕಿದ್ರ ಪಟ್ಟಿ ಬರ್ತದ. ಒಂದೊಂದರ ಮುಂದೂ ‘ನನ್ನದಲ್ಲ’, ‘ಬೇಡ’, ‘ಬೇಕು’ ಅನ್ನೋ ಅರ್ಥದ ಮೂರು ಆಯ್ಕೆ. ನಿಮಗೆ ಗೊತ್ತೇ ಇಲ್ಲದ್ದಕ್ಕ ‘ನನ್ನದಲ್ಲ’, ನೀವೇ ತಗೊಂಡು ಬಿಟ್ಟಿದ್ದಕ್ಕ ‘ಬೇಡ’. ಇವೆರಡನ್ನ ಅದಲು ಬದಲು ಮಾಡಬ್ಯಾಡ್ರಿ. ಮನ್ಯಾಗ ಮಕ್ಕಳಿಗೆ, ತಂಗಿಗೆ ಕೊಟ್ಟ ಸಿಮ್ ನಿಮ್ಮ ಹೆಸರಿನಾಗೇ ಇರ್ತಾವ, ಅವನ್ನ ಮೊದಲು ಬರ್ಕೊಂಡು ಕೂಡ್ರಿ. ನಮ್ಮ ರಾಜ್ಯದಾಗ ಒಬ್ಬರ ಹೆಸರಿಗೆ ಒಂಬತ್ತು ಸಿಮ್ ಮಿತಿ. ಆ್ಯಪ್ ಹಾಕಲೇಬೇಕಂತಿಲ್ಲ. ಹೊಸ ಫೋನಿನಾಗ ಅದನ್ನ ಮೊದಲೇ ಹಾಕಿ ಕೊಡಬೇಕು ಅಂತ ಬಂದ ಆದೇಶವನ್ನ 2025ರ ಡಿಸೆಂಬರ್ 3ರಂದು ಸರ್ಕಾರ ವಾಪಸ್ ತಗೊಂಡದ.

ಇಂಥ ಸಿಮ್ ಹುಟ್ಟೋದು ಹ್ಯಾಂಗ ಅಂದ್ರ, ಬಸ್ ಸ್ಟ್ಯಾಂಡು, ಜಾತ್ರಿಯಾಗ ಛತ್ರಿ ಕೆಳಗ ಸಿಮ್ ಮಾರೋರು ‘ಬೆರಳು ಸರಿ ಬರಲಿಲ್ಲ, ಮತ್ತೊಮ್ಮೆ ಇಡ್ರಿ’ ಅಂತಾರ. ಎರಡನೇ ಬೆರಳಿಗೆ ಎರಡನೇ ಸಿಮ್. ಮೈಆಧಾರ್ ಪೋರ್ಟಲ್ಲಿನ ಅಥೆಂಟಿಕೇಶನ್ ಹಿಸ್ಟರಿಯಾಗ ಕಳೆದ ಆರು ತಿಂಗಳದ್ದು, ಗರಿಷ್ಠ 50 ದಾಖಲೆ ಕಾಣ್ತಾವ. ಒಂದೇ ದಿನ ಒಂದೇ ಕಂಪನಿ ಹೆಸರಿನಾಗ ಯಶಸ್ವಿ ಆದದ್ದು ಎರಡು ಕಂಡ್ರ ತಕ್ಷಣ ಸಂಚಾರ್ ಸಾಥಿ ನೋಡ್ರಿ.

ಆಧಾರಿನ ಬೆರಳು ಗುರುತಿಗೆ ಬಯೋಮೆಟ್ರಿಕ್ ಲಾಕ್ ಹಾಕಿದ್ರ ಇದಕ್ಕ ಕಡಿವಾಣ ಬೀಳ್ತದ, ಆದ್ರ ಹಿರಿಯರದ್ದು ಹಾಕೋಕ್ಕಿಂತ ಮುಂಚೆ ವಿಚಾರ ಮಾಡ್ರಿ. ಲಾಕ್ ಇದ್ದಾಗ ರೇಷನ್ ಅಂಗಡಿಯಾಗ ಹೆಬ್ಬೆಟ್ಟು ತಗೋಳಂಗಿಲ್ಲ, ಊರಾಗ ಬೆರಳಿಟ್ಟು ಪಿಂಚಣಿ ದುಡ್ಡು ತೆಗೆಯೋದೂ ನಿಲ್ತದ. ಮಷಿನಿನಾಗ 330 ಎರರ್ ಬಂದ್ರ ಲಾಕ್ ಅದ ಅಂತಲೇ ಅರ್ಥ. ತಾತ್ಕಾಲಿಕ ಅನ್‌ಲಾಕ್ ಹತ್ತು ನಿಮಿಷ ಅಷ್ಟೇ, ರೇಷನ್ ಪಾಳಿ ಎಷ್ಟು ಉದ್ದ ಇರ್ತದ ನಿಮಗೇ ಗೊತ್ತು. ಅವ್ವಾರದ್ದು ಬಿಡ್ರಿ, ನಿಮ್ಮದು ಲಾಕ್ ಮಾಡ್ಕೊಳ್ರಿ.

ಡಿಎನ್‌ಡಿ: 1909ಕ್ಕೆ ‘ಸ್ಟಾರ್ಟ್ 0’ ಇಂಗ್ಲಿಷಿನಾಗ ಎಸ್ಸೆಮ್ಮೆಸ್, ಇಲ್ಲಾ ಅದೇ ನಂಬರಿಗೆ ಕಾಲ್. ಇದು ನಿಲ್ಲಿಸೋದು ನೋಂದಾಯಿತ ಜಾಹೀರಾತುದಾರರನ್ನ. ನೀವು ಯಾವುದೋ ಅಂಗಡಿಯಾಗ ಕೊಟ್ಟ ಒಪ್ಪಿಗೆ ಡಿಎನ್‌ಡಿಯನ್ನೂ ದಾಟ್ತದ. ಮೆಸೇಜ್ ಕಳಿಸಿದವರ ಹೆಸರಿನ ಕಡೀಕ ಪಿ ಇದ್ರ ಜಾಹೀರಾತು, ಎಸ್ ಇದ್ರ ಸೇವೆ, ಟಿ ಇದ್ರ ವ್ಯವಹಾರ, ಜಿ ಇದ್ರ ಸರ್ಕಾರ. 140ರಿಂದ ಶುರುವಾಗೋ ಕಾಲ್ ಜಾಹೀರಾತು, 1600ರಿಂದ ಶುರುವಾದ್ರ ಬ್ಯಾಂಕಿನಂಥವರ ಸೇವಾ ಕರೆ. ಸಾದಾ ಹತ್ತಂಕಿ ನಂಬರಿನಿಂದ ಬರೋ ಸಾಲದ ಕಾಲು ಡಿಎನ್‌ಡಿ ಲೆಕ್ಕಕ್ಕೇ ಬರಂಗಿಲ್ಲ, ಅದಕ್ಕ ದೂರೇ ಕೊಡಬೇಕು. ಏಳು ದಿನದ ಒಳಗ, ಬಂದ ನಂಬರು, ತಾರೀಖು, ಏನು ಹೇಳಿದ್ರು ಅನ್ನೋದನ್ನ 1909ಕ್ಕೆ ಇಲ್ಲಾ ಟ್ರಾಯ್‌ನ ಡಿಎನ್‌ಡಿ ಆ್ಯಪಿನಾಗ ಹಾಕ್ರಿ. 2025ರ ತಿದ್ದುಪಡಿ ಪ್ರಕಾರ ಹತ್ತು ದಿನದಾಗ ಐದು ದೂರು ಬಿದ್ರ ಆ ನಂಬರಿನ ಮ್ಯಾಲ ಕ್ರಮ ತಗೋಬೇಕು. ಅದಕ್ಕ ಬ್ಲಾಕ್ ಮಾಡಿ ಸುಮ್ಮನಾಗೋದಕ್ಕಿಂತ ದೂರು ಹಾಕಿ ಬ್ಲಾಕ್ ಮಾಡ್ರಿ.

ತೊಗರಿಕಣಜ, ಶಹಾಪುರ

ಎಲ್ಲರಿಗೂ ಶರಣು. ಎರಡು ಉಳಿದಾವ. ಕೀಪ್ಯಾಡಿನಾಗ ಸಿಮ್ ಟೂಲ್‌ಕಿಟ್ ಅಂತ ಕಾಣವಲ್ದು. ಮತ್ತ ಕಸ್ಟಮರ್ ಕೇರ್‌ದವರು ಕೇಳದಿದ್ರ ಮುಂದ ಎಲ್ಲಿ?

ಬಿದ್ರಿಕುಸುರಿ, ಬೀದರ್

ಕೀಪ್ಯಾಡಿನಾಗ ಅದು ಕಂಪನಿ ಹೆಸರಿನಾಗೇ ಇರ್ತದ, ಮೆನುದಾಗ ‘ಆ್ಯಪ್ಸ್’ ಇಲ್ಲಾ ‘ಎಕ್ಸ್‌ಟ್ರಾಸ್’ ಒಳಗ ನೋಡ್ರಿ. ಸಿಗದಿದ್ರ ಸಿಮ್ಮನ್ನ ಹತ್ತು ನಿಮಿಷ ನಿಮ್ಮ ಆಂಡ್ರಾಯ್ಡಿಗೆ ಹಾಕಿ ಅಲ್ಲಿ ಬಂದ್ ಮಾಡಿ ವಾಪಸ್ ಹಾಕ್ರಿ, ಬದಲಾವಣೆ ಸಿಮ್ ಜೊತಿಗೇ ಬರ್ತದ. ಜಿಯೋಭಾರತ್ ಫೋನಾದ್ರ ಬ್ಯಾರೆ ಕಂಪನಿ ಸಿಮ್ ಹಿಡಿಯಂಗಿಲ್ಲ, ಕೊಳ್ಳುವಾಗಲೇ ಕೇಳಿ ತಗೋಬೇಕು.

ದೂರಿಗೆ 198. ಮಾತಾಡಿ ಸುಮ್ಮನೆ ಫೋನ್ ಇಡಬ್ಯಾಡ್ರಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರ್ಕೊಳ್ರಿ, ಅದಿಲ್ಲದೇ ಮುಂದಿನ ಬಾಗಿಲು ತೆರೆಯಂಗಿಲ್ಲ. ಉತ್ತರ ಸರಿ ಇಲ್ಲದಿದ್ರ 30 ದಿನದ ಒಳಗ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕ, ದುಡ್ಡು ಹತ್ತಂಗಿಲ್ಲ. ಅಲ್ಲೂ ಆಗದಿದ್ರ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ದೂರು ಗ್ರಾಹಕರ ಆಯೋಗಕ್ಕ ಬರಂಗಿಲ್ಲ ಅಂತ ಕಂಪನಿ ವಕೀಲರು ವಾದ ಮಾಡ್ತಿದ್ರು, 2022ರ ಫೆಬ್ರುವರಿಯಾಗ ಸುಪ್ರೀಂ ಕೋರ್ಟ್ ಬರ್ತದ ಅಂತ ತೀರ್ಪು ಕೊಟ್ಟದ. ಐದು ಲಕ್ಷದವರೆಗಿನ ಪ್ರಕರಣಕ್ಕ ಶುಲ್ಕ ಇಲ್ಲ. ಕಟ್ ಆದ ದಿನದ ಎಸ್ಸೆಮ್ಮೆಸ್ ಸ್ಕ್ರೀನ್‌ಶಾಟು, ಡಾಕೆಟ್ ನಂಬರು, ಕಂಪನಿ ಕೊಟ್ಟ ಉತ್ತರ, ಈ ಮೂರನ್ನ ಮೊದಲ ದಿನದಿಂದಲೇ ಒಂದು ಕಡೆ ಕೂಡಿಸಿ ಇಡ್ರಿ. ಕೀಪ್ಯಾಡಿನಾಗ ಸ್ಕ್ರೀನ್‌ಶಾಟ್ ಬರಂಗಿಲ್ಲ, ನಂಬರು ತಾರೀಖು ಕಾಣೋ ಹಾಂಗ ಇನ್ನೊಂದು ಫೋನಿನಿಂದ ಫೋಟೋ ಹೊಡೀರಿ.